ಶಾರ್ಜಾದಲ್ಲಿ ನಡೆದ ಮಾನ್ವಿಯ ಮ್ಯಾಚು

ಮಾನ್ವಿಯ ಬಸ್ ಸ್ಟ್ಯಾಂಡಿನ ಎದುರು ತಾಡಪತ್ರಿ, ಟಾರ್ಪಾಲುಗಳ ಅಂಗಡಿ ಇಟ್ಟಿರುವ ವಲಿ ಪಾಷಾನಿಗೆ ಈ ಜನ್ಮದಲ್ಲಿ ಉಳಿದದ್ದು ಒಂದೇ ಆಸೆ. ಮಕ್ಕಳ ಮದುವೆ ಮುಗಿದಿತ್ತು, ಮನೆಗೆ ಸ್ಲ್ಯಾಬ್ ಬಿದ್ದಿತ್ತು, ಮಂಡಿನೋವಿಗೆ ಹೊಂದುವ ಎಣ್ಣೆಯೂ ಸಿಕ್ಕಿತ್ತು. ದೇವದುರ್ಗವನ್ನು ಫುಟ್‌ಬಾಲಿನಲ್ಲಿ ಸೋಲಿಸುವುದು ಮಾತ್ರ ಬಾಕಿ. ಅದೂ ಮಾನ್ವಿಯ ಮೈದಾನದಲ್ಲಿ, ಮಾನ್ವಿಯ ಜನರ ಕಣ್ಣೆದುರು.

ಕೃಷ್ಣೆಗೂ ತುಂಗಭದ್ರೆಗೂ ನಡುವಿನ ಕೆಲವು ಊರುಗಳ ತಂಡಗಳು ಆಡುವ ದೋಆಬ್ ಲೀಗ್ ಶುರುವಾದಾಗಿನಿಂದ ಅವನೇ ಮಾನ್ವಿಯ ಸೆಕ್ರೆಟರಿ. ಯಾವ ಎರಡು ಊರಾದರೂ ಸರಿ, ಎರಡು ಮ್ಯಾಚು: ಒಂದು ಅವರಲ್ಲಿ, ಒಂದು ಇವರಲ್ಲಿ. ಮೊದಲ ವರ್ಷ ಬಂದ ತಂಡವನ್ನು ಹೋಟೆಲಿಗೆ ಕರೆದೊಯ್ಯಲು ಯಾರಲ್ಲೂ ದುಡ್ಡಿರಲಿಲ್ಲ. ಒಬ್ಬೊಬ್ಬ ಆಟಗಾರನನ್ನು ಒಂದೊಂದು ಮನೆಯವರು ಕರೆದೊಯ್ದು ಉಣಿಸಿದರು. ಆಮೇಲೆ ಅದೇ ಪದ್ಧತಿಯಾಯಿತು. ಕೈ ತೊಳೆಸಿ, ಉಣಿಸಿ, ಆಮೇಲೆ ಮೈದಾನಕ್ಕಿಳಿದು ಅವರನ್ನೇ ಬೈಯುವುದು.

ದೇವದುರ್ಗದ ಹುಲಿಗೇಶ ಪ್ರತಿ ವರ್ಷವೂ ವಲಿ ಪಾಷಾನ ಮನೆಯ ಪಾಲಿಗೆ ಬರುತ್ತಿದ್ದ. ಗಾರೆ ಕೆಲಸದ ಹುಡುಗ, ಎಡಗಾಲಿನ ಆಟಗಾರ. ವಲಿ ಪಾಷಾನ ಹೆಂಡತಿ ಜಾಹೆದಾ ಅವನಿಗೆ ಬಗಾರ ಅನ್ನ, ದಾಲ್ಚಾ ಬಡಿಸುವಾಗ ಗಂಡ ಎದುರು ಕುಳಿತು ಗೊಣಗುತ್ತಿದ್ದ.

"ಇನ್ನಷ್ಟು ಹಾಕು ಅವಂಗ. ಹೊಟ್ಟಿ ಭಾರ ಆಗ್ಲಿ, ಓಡಾಕ ಬರಬಾರದು ಮಗಂಗ."

"ಹಾಕ್ರಿ ಯವ್ವಾ," ಎನ್ನುತ್ತಿದ್ದ ಹುಲಿಗೇಶ. "ಉಂಡ ಋಣ ಇಟ್ಕೊಳ್ಳಂಗಿಲ್ಲ ನಾ. ಕಾಕಾಗ ಎರಡು ಗೋಲ್ ಕೊಟ್ಟೇ ಹೋಗ್ತೀನಿ."

ಹೇಳಿದಂತೆ ಕೊಟ್ಟೂ ಹೋಗುತ್ತಿದ್ದ. ಮಾನ್ವಿ ದೇವದುರ್ಗವನ್ನು ಒಮ್ಮೆಯೂ ಗೆದ್ದಿರಲಿಲ್ಲ.

ಈ ವರ್ಷದ ಮಾತೇ ಬೇರೆ. ರಾಹಿಲ್ ಎಂಬ ಹುಡುಗ ಕ್ಯಾಪ್ಟನ್ ಆದ ಮೇಲೆ ಮಾನ್ವಿಯ ಕಾಲಿಗೆ ಜೀವ ಬಂದಿತ್ತು. ದೇವದುರ್ಗದಲ್ಲಿ ಆಡಿದ್ದು ಸಮವಾಗಿತ್ತು. ಕಪ್ಪು ಯಾರಿಗೆ ಎಂಬುದು ಮಾನ್ವಿಯ ಮ್ಯಾಚಿನಲ್ಲಿ ತೀರ್ಮಾನವಾಗಬೇಕು. ವಲಿ ಪಾಷಾ ಮೈದಾನದ ಕಲ್ಲು ಹೆಕ್ಕಿಸಿದ, ಅಂಚಿನ ಜಾಲಿ ಕಡಿಸಿದ. ಅಷ್ಟರಲ್ಲಿ ರಾಯಚೂರಿನಿಂದ ಕರೆ ಬಂತು.

ಲೀಗಿನ ಅಧ್ಯಕ್ಷ ಮೀರಾಹುಸೇನ ರಾಯಚೂರಿನ ದೊಡ್ಡ ಹತ್ತಿ ವ್ಯಾಪಾರಿ. ಅವನ ತಣ್ಣನೆಯ ಕೋಣೆಯಲ್ಲಿ ಆಗಲೇ ಹಂಪಣ್ಣ ಕುಳಿತಿದ್ದ. ದೇವದುರ್ಗದಲ್ಲಿ ಟಂಟಂ ಆಟೊ ಓಡಿಸುವ ಹಂಪಣ್ಣನೇ ಅಲ್ಲಿನ ತಂಡದ ಕೋಚು.

"ನಿಮ್ಮಿಬ್ಬರ ನಸೀಬು ತೆರೀತು," ಎಂದ ಮೀರಾಹುಸೇನ. "ಈ ಸಲದ ಮ್ಯಾಚ್ ಶಾರ್ಜಾದಾಗ. ಅಲ್ಲಿನ ಒಂದು ಅತ್ತರ್ ಕಂಪನಿ ಎಲ್ಲಾ ಖರ್ಚು ಹಾಕ್ತದ. ವಿಮಾನ, ಹೋಟೆಲು, ಹುಲ್ಲಿನ ಮೈದಾನ."

"ಯಾವ ಮ್ಯಾಚ್?" ಎಂದ ವಲಿ ಪಾಷಾ.

"ನಿಮ್ದೇ ಪಾಷಾ. ಮಾನ್ವಿ-ದೇವದುರ್ಗ."

"ಅದು ನಮ್ಮ ಊರಾಗ ಆಡೋ ಮ್ಯಾಚ್ ಅಲ್ರೀ ಸಾಹೇಬ್ರ."

"ಹೌದಪ್ಪಾ, ಲೆಕ್ಕಕ್ಕ ಮಾನ್ವಿ ಮ್ಯಾಚೇ. ಆಡೋದು ಅಷ್ಟ ಅಲ್ಲಿ."

ಹಂಪಣ್ಣ ಮೀಸೆಯಡಿ ನಕ್ಕ. "ಅಂದ್ರ ತೊಟ್ಲು ಮಾನ್ವ್ಯಾಗ, ಕೂಸು ಶಾರ್ಜಾದಾಗ."

"ನಗಬ್ಯಾಡ ಹಂಪಣ್ಣ. ಸ್ಪೇನಿನವ್ರು, ಇಟಲಿಯವ್ರೇ ತಮ್ಮ ಲೀಗ್ ಮ್ಯಾಚ್ ಪರದೇಶದಾಗ ಆಡಸಬೇಕಂತ ಓಡ್ಯಾಡಾಕತ್ತಾರ. ಇದು ಮಾರ್ಕೆಟ್ ಕಾಲ."

"ತಾಡಪತ್ರಿ ಮಾರೋನ ಮುಂದ ಮಾರ್ಕೆಟ್ ಅನ್ನಬ್ಯಾಡ್ರಿ," ಎಂದ ವಲಿ ಪಾಷಾ. "ಗಿರಾಕಿ ಇದ್ದಲ್ಲಿ ಅಂಗಡಿ ಇಡಬೇಕು, ಖರೆ. ಆದ್ರ ಹಳೇ ಗಿರಾಕಿ ಮನಿ ಛಾವಣಿ ಬಿಚ್ಚಿ ಹೊಸ ಗಿರಾಕಿಗಿ ಮಾರಬಾರದು."

ಮೈದಾನ ಬದಲಿಸಬೇಕಾದರೆ ಆತಿಥೇಯ ತಂಡ ಒಪ್ಪಬೇಕೆಂಬುದು ಲೀಗಿನ ನಿಯಮ. ಒಪ್ಪುವುದಿಲ್ಲ ಎಂದು ಹೇಳಿಯೇ ಅವನು ಮಾನ್ವಿಯ ಬಸ್ಸು ಹತ್ತಿದ. ಬಸ್ಸಿಗಿಂತ ಮೊದಲೇ ಶಾರ್ಜಾದ ಸುದ್ದಿ ಊರು ಮುಟ್ಟಿತ್ತು. ಹುಡುಗರು ಅಂಗಡಿಯ ಮುಂದೆ ಹಬ್ಬ ಮಾಡುತ್ತಿದ್ದರು. ರಾಹಿಲ್ ಮಾತ್ರ ಒಳಗೆ ಬಂದು, ಮಡಿಚಿಟ್ಟಿದ್ದ ತಾಡಪತ್ರಿಯನ್ನೇ ಬಿಚ್ಚಿ ಮತ್ತೆ ಮಡಿಚಿ ಹೋದ. ಅವನ ಅಪ್ಪ ಶಾರ್ಜಾದಲ್ಲಿ ಲಾರಿ ಓಡಿಸುತ್ತಾನೆ. ಹುಡುಗನಿಗೆ ಮೀಸೆ ಮೂಡಿದ್ದನ್ನು ಅಪ್ಪ ಇನ್ನೂ ಎದುರು ನಿಂತು ನೋಡಿರಲಿಲ್ಲ.

ಮರುದಿನ ವಲಿ ಪಾಷಾ ಮೀರಾಹುಸೇನನಿಗೆ ಫೋನು ಮಾಡಿದ. "ಆಡ್ತೀವಿ. ಒಂದ ಮಾತು. ದೇವದುರ್ಗದ ಹುಡುಗ್ರು ಎಲ್ಲಾ ಬರಬೇಕು. ಒಬ್ಬ ಕಮ್ಮಿ ಆದ್ರೂ ಅದು ದೇವದುರ್ಗ ಅಲ್ಲ."

"ನನ್ನ ಜಬಾನು, ಮಾತು ಕೊಟ್ಟೆ," ಎಂದ ಮೀರಾಹುಸೇನ.

ಮಾನ್ವಿಯ ಹುಡುಗರ ಮನೆಗಳಲ್ಲಿ ಪಾಸ್‌ಪೋರ್ಟು ಹೊಸದಲ್ಲ. ಯಾರೋ ಉಮ್ರಾಕ್ಕೆಂದು ಮೆಕ್ಕಾಗೆ ಹೋಗಿರುತ್ತಾರೆ, ಯಾರೋ ದುಡಿಯಲು ಹೋಗಿರುತ್ತಾರೆ. ಉಳಿದವರಿಗೆ ಮಾಡಿಸುವ ದಾರಿ ಗೊತ್ತು. ದೇವದುರ್ಗದವರು ದುಡಿಯಲು ಹೋಗುವುದು ಬೆಂಗಳೂರಿಗೆ, ಪುಣೆಗೆ. ಅದಕ್ಕೆ ಬಸ್ಸಿನ ಟಿಕೆಟ್ಟು ಸಾಕು. ಹುಲಿಗೇಶನ ಪಾಸ್‌ಪೋರ್ಟ್ ಅರ್ಜಿಯ ವಿಚಾರಣೆಗೆ ಬಂದ ಪೊಲೀಸರಿಗೆ ಕಂಡದ್ದು ಬಾಗಿಲಿಗೆ ಹಾಕಿದ ಬೀಗ. ಪಕ್ಕದ ಮನೆಯ ಮುದುಕಿ ಇದ್ದದ್ದನ್ನೇ ಹೇಳಿದಳು: "ಅವ್ವ, ಅಪ್ಪ, ಮಗ ಎಲ್ಲಾ ಬೆಂಗಳೂರಾಗ ಬಿಲ್ಡಿಂಗ್ ಕೆಲಸಕ್ಕ ಹೋಗ್ಯಾರ್ರೀ." ಅಲ್ಲಿಗೆ ಅರ್ಜಿ ನಿಂತಿತು. ಅರ್ಧ ತಂಡದ್ದು ಇದೇ ಕತೆ. ಕೋಚು ಹಂಪಣ್ಣನದೂ ಆಗಲಿಲ್ಲ.

ವಲಿ ಪಾಷಾ ಮತ್ತೆ ಫೋನು ಹಚ್ಚಿದ. "ಸಾಹೇಬ್ರ, ನಿಮ್ಮ ಜಬಾನು ಏನಾತು?"

"ಅಡ್ಜಸ್ಟ್ ಮಾಡೀವಿ ಪಾಷಾ. ಕಮ್ಮಿ ಬಿದ್ದವರನ್ನ ಅಲ್ಲೇ ತುಂಬಸ್ತಾರ."

"ಆಟಗಾರರನ್ನ ತುಂಬಸ್ತೀರಾ? ಲಾರಿಗಿ ಹೊಟ್ಟು ತುಂಬಸಿದಂಗ?"

"ಟಿಕೆಟ್ ಆಗ್ಯಾವ, ವೀಸಾ ಆಗ್ಯಾವ. ಈಗ ಬ್ಯಾಡ ಅನ್ನೋದಾದ್ರ ನಿನ್ನ ಹುಡುಗ್ರಿಗಿ ನೀನೇ ಹೇಳು."

ಅಷ್ಟು ಖುಷಿಯಲ್ಲಿದ್ದ ಹುಡುಗರಿಗೆ ಅವನು ಬೇಡ ಎನ್ನಲಾರದೆ ಹೋದ. ಹುಡುಗರು ಹೋದರು, ಅವನು ಹೋಗಲಿಲ್ಲ. ಸಂತೆಯಲ್ಲಿ ಕಂಡವರೆಲ್ಲ ಭುಜ ತಟ್ಟುತ್ತಿದ್ದರು: "ಪಾಷಾ, ಹುಲಿಗೇಶ ಇಲ್ಲ, ಕಪ್ಪು ನಮ್ದೇ!" ಒಬ್ಬೊಬ್ಬರು ತಟ್ಟಿದಾಗಲೂ ಅವನು ಚಹಾದ ತಳದಲ್ಲಿ ನೊಣ ಕಂಡವನಂತೆ ಮುಖ ಸಿಂಡರಿಸಿ ಮುಂದೆ ನಡೆಯುತ್ತಿದ್ದ.

ಮ್ಯಾಚಿನ ದಿನ ಜಾಹೆದಾ ಒಲೆ ಹಚ್ಚಿದಳು. ಬೆಂಗಳೂರಿನಿಂದ ಊರಿಗೆ ಬಂದಿದ್ದ ಹುಲಿಗೇಶನಿಗೆ ತಾನೇ ಫೋನು ಮಾಡಿ ಕರೆಸಿದ್ದಳು. "ಮ್ಯಾಚ್ ಎಲ್ಯಾರ ಹಾಳಾಗಿ ಹೋಗ್ಲಿ, ಊಟ ಎಲ್ಲಿ ಹೋಗ್ತದ? ಬಾ ನೀನು." ಅವನು ದೇವದುರ್ಗದ ಬಸ್ಸಿಳಿದು ನೇರ ಅಂಗಡಿಗೆ ಬಂದ. ಇಬ್ಬರೂ ಮೈದಾನದ ಕಡೆ ನಡೆದರು.

ಮೈದಾನವನ್ನು ಕಂಡು ವಲಿ ಪಾಷಾ ನಿಂತುಬಿಟ್ಟ. ಗೋಲಿನ ಎದುರು, ಹುಡುಗರು ದಿನವೂ ನೀರು ಹಾಕಿ ಗಟ್ಟಿ ಮಾಡಿದ್ದ ಜಾಗದಲ್ಲೇ ಅತ್ತರ್ ಕಂಪನಿಯವರು ಗುಂಡಿ ತೋಡಿ, ಕಂಬ ನಿಲ್ಲಿಸಿ, ದೊಡ್ಡ ಪರದೆ ಕಟ್ಟಿದ್ದರು. ಗೇಟಿನಲ್ಲಿ ಟಿಕೆಟ್ಟು. ಮಾನ್ವಿಯ ಜನ ಮಾನ್ವಿಯ ಮೈದಾನದಲ್ಲಿ ಮಾನ್ವಿಯ ಮ್ಯಾಚನ್ನು ದುಡ್ಡು ಕೊಟ್ಟು ಪರದೆಯ ಮೇಲೆ ನೋಡಬೇಕು. ಒಳಗೆ ಹೋಗುವವರ ಮೈಮೇಲೆ ಕಂಪನಿಯ ಹುಡುಗರಿಬ್ಬರು ಅತ್ತರು ಹೊಡೆಯುತ್ತಿದ್ದರು. ಬೆವರೂ ಅತ್ತರೂ ಸೇರಿ ಎದ್ದ ವಾಸನೆಗೆ ವಲಿ ಪಾಷಾ ಮೂಗಿಗೆ ದಸ್ತಿ ಒತ್ತಿಕೊಂಡ.

ಪರದೆಯಲ್ಲಿ ಹಸಿರು ಮೈದಾನ ಮೂಡಿತು. ತಂಡಗಳು ಇಳಿದವು. ದೇವದುರ್ಗದ ಹಳದಿ ಅಂಗಿಗಳ ಬೆನ್ನ ಮೇಲೆ ಹೆಸರುಗಳು. ಅಂಗಿಗಳನ್ನು ಮೊದಲೇ ಹೊಲಿಸಿದ್ದರು. ಆಟಗಾರರನ್ನು ಬದಲಿಸಿದ್ದರು, ಹೆಸರನ್ನು ಬದಲಿಸುವ ಗೋಜಿಗೆ ಹೋಗಿರಲಿಲ್ಲ. ಗಡ್ಡ ಬಿಟ್ಟ ಎತ್ತರದ ಆಳೊಬ್ಬನ ಬೆನ್ನ ಮೇಲೆ 'ಹುಲಿಗೇಶ' ಎಂದಿತ್ತು.

"ಲೇ ಹುಲಿಗೇಶಾ, ಇಲ್ಲೂ ಅದಿ, ಅಲ್ಲೂ ಅದಿ!" ಹಿಂದಿನಿಂದ ಯಾರೋ ಕೂಗಿದರು. ಜನ ನಕ್ಕರು. ಹುಲಿಗೇಶನೂ ನಕ್ಕ.

ಕಾಮೆಂಟರಿಯವನು ಸುಮ್ಮನಿರಲಿಲ್ಲ. "ದೇವದುರ್ಗದ ಮಣ್ಣಿನ ಮಗ ಹುಲಿಗೇಶ ಮುನ್ನುಗ್ಗುತ್ತಿದ್ದಾರೆ!" ಆ ಮಣ್ಣಿನ ಮಗ ನಾಲ್ಕು ಹೆಜ್ಜೆ ಓಡಿ ತನ್ನ ಕಾಲಿಗೆ ತಾನೇ ಎಡವಿ ಮಕಾಡೆ ಬಿದ್ದ. "ಕುಂಟ ಹುಲಿಗೇಶ!" ಎಂದು ರೂಢಿಯ ಮೇಲೆ ಬೈದ ಮುದುಕನೊಬ್ಬ, ಪಕ್ಕದಲ್ಲೇ ನಿಜವಾದವನು ಕುಳಿತದ್ದು ಕಂಡು ಟೊಪ್ಪಿಗೆ ಸರಿಮಾಡಿಕೊಂಡು ತಲೆ ತಗ್ಗಿಸಿದ. ಆಮೇಲೆ ಆ ಸಾಲಿನಲ್ಲಿ ಯಾರೂ ನಗಲಿಲ್ಲ.

ರಾಹಿಲ್ ಗೋಲು ಹೊಡೆದ. ಮತ್ತೊಂದು ಬಿತ್ತು, ಮಗದೊಂದು ಬಿತ್ತು. ಮೈದಾನದ ಹೊರಗೆ ಪಟಾಕಿ ಹಚ್ಚಿದರು. ಎಷ್ಟೋ ವರ್ಷ ಕಾದ ಗೆಲುವು ಕೊನೆಗೂ ಬಂದಿತ್ತು. ಎಂಜಲೆಲೆಯ ಮೇಲೆ ಬಡಿಸಿದ ಹೋಳಿಗೆಯಂತೆ. ವಲಿ ಪಾಷಾ ಎದ್ದು ಹುಲಿಗೇಶನ ರಟ್ಟೆ ಹಿಡಿದ. "ನಡಿ, ಮನಿಗಿ ಹೋಗೂಣು."

ತಟ್ಟೆಯ ಮುಂದೆ ಕುಳಿತ ಮೇಲೆ ಹುಲಿಗೇಶ ಕೇಳಿದ, "ಕಾಕಾ, ನಾ ಹೆಂಗ ಆಡ್ದೆ?"

"ಹೊಲಸು ಆಡ್ದಿ ಮಗನ. ಅಷ್ಟು ಹೊಲಸು ಯಾವತ್ತೂ ಆಡಿದ್ದಿಲ್ಲ ನೀ."

ಜಾಹೆದಾ ನಕ್ಕಳು. ಹುಲಿಗೇಶ ನಗಲಿಲ್ಲ. ಅನ್ನ ಕಲಸುತ್ತಾ ಹೇಳಿದ, "ಬೆಂಗಳೂರಾಗ ನಮ್ಮವ್ವ ಮೇಸ್ತ್ರಿ ಫೋನಿನ್ಯಾಗ ನೋಡ್ಯಾಳ. ಸಣ್ಣ ಪರದಿ, ಮಾರಿ ಕಾಣಂಗಿಲ್ಲ. ಹೆಸರು ಕೇಳಿ ನಾನೇ ಅಂದ್ಕೊಂಡಾಳ. ಈಗ ಫೋನ್ ಮಾಡಿದ್ಳು. ಪಾಸ್‌ಪೋರ್ಟ್ ಆತಲ್ಲಪಾ, ನನಗ ಯಾಕ ಹೇಳ್ಲಿಲ್ಲ, ಬಿದ್ದ್ಯಲ್ಲ, ಮಣಕಾಲಿಗಿ ಪೆಟ್ಟಾತೇನು ಅಂತ ಅತ್ಳು."

"ನೀ ಏನಂದಿ?"

"ಏನೂ ಆಗಿಲ್ಲ ಯವ್ವಾ ಅಂದೆ. ಮತ್ತೇನ ಅನ್ಲಿ?"

ಜಾಹೆದಾಳ ಕೈಯಲ್ಲಿ ಸೌಟು ಹಾಗೇ ನಿಂತಿತು. ಮನೆಮಾತಾದ ಉರ್ದುವಿನಲ್ಲಿ ಗಂಡನ ಕಡೆ ತಿರುಗಿ, "ಛೀ, ಕ್ಯಾ ಗಂದಗಿ ಹೈ ಜೀ ಯೇ," ಇದೆಂಥ ಹೊಲಸು, ಎಂದಳು. ವಲಿ ಪಾಷಾ ತಟ್ಟೆ ಸರಿಸಿ ಎದ್ದು ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸಿದ.

ಅಷ್ಟರಲ್ಲಿ ಮೀರಾಹುಸೇನನ ಫೋನು. ಹುಡುಗರು ಹೈದರಾಬಾದಿನಲ್ಲಿ ಇಳಿದು ರೈಲಿನಲ್ಲಿ ರಾಯಚೂರಿಗೆ ಬರುತ್ತಾರೆ, ಸ್ಟೇಷನ್ನಿನಿಂದ ತೆರೆದ ಜೀಪು, ಡಿಜೆ, ಮಾನ್ವಿಯವರೆಗೆ ಮೆರವಣಿಗೆ. "ನೀ ಮುಂದಿನ ಸೀಟಿನ್ಯಾಗ ಕುಂದ್ರಬೇಕು ಪಾಷಾ."

"ಸಾಹೇಬ್ರ, ಈ ಗೆಲುವು ನಮ್ಮ ಹೆಸರಿಗಿ ಹಚ್ಚಬ್ಯಾಡ್ರಿ."

"ಹಚ್ಚಿ ಆಗ್ಯದ. ಗೆದ್ದವರು ಗೆದ್ದಿಲ್ಲ ಅಂದ್ರ ಯಾರು ಕೇಳ್ತಾರ? ಹುಚ್ಚು ಹಿಡ್ದದೇನು ನಿನಗ?"

ವಲಿ ಪಾಷಾ ಫೋನಿಟ್ಟು ಹಂಪಣ್ಣನಿಗೆ ಹಚ್ಚಿದ. ಮಾತು ಬಹಳ ಹೊತ್ತು ಹಿಡಿಯಲಿಲ್ಲ.

ಹುಡುಗರು ಬಂದ ಬೆಳಿಗ್ಗೆ ಅವನು ರಾಯಚೂರು ಸ್ಟೇಷನ್ನಿನಲ್ಲಿದ್ದ. ರೈಲಿನಿಂದ ಇಳಿದ ರಾಹಿಲ್‌ನ ಕೈಯಲ್ಲಿ ಕಪ್ಪಿತ್ತು, ಮುಖದಲ್ಲಿ ಕಳೆಯಿರಲಿಲ್ಲ.

"ಅಬ್ಬಾಗ ಭೇಟಿ ಆದ್ಯೇನಪಾ?"

"ಆದೆ ಚಾಚಾ." ರಾಹಿಲ್ ಕಪ್ಪನ್ನು ಕಂಕುಳಿಗೆ ಸರಿಸಿದ. "ನಮ್ಮ ಕಡಿ ಮಂದಿನ್ನೆಲ್ಲಾ ಬಸ್ಸಿನ್ಯಾಗ ತಂದು ಕ್ಯಾಮೆರಾಕ್ಕ ಕಾಣಂಗ ಕುಂದ್ರಿಸಿದ್ರು. ದೇವದುರ್ಗದ ಕಡಿ ಮಂದಿ ಕಮ್ಮಿ ಬಿತ್ತಂತ. ಅಬ್ಬಾಗ ಹಳದಿ ಅಂಗಿ ತೊಡಿಸಿ ಆ ಕಡಿ ಕುಂದ್ರಿಸಿದ್ರು. ನಾ ಗೋಲ್ ಹೊಡದಾಗ ಚಪ್ಪಾಳಿ ಹೊಡೀಬಾರದು, ತಲಿ ಮ್ಯಾಲ ಕೈ ಇಟ್ಕೋಬೇಕು ಅಂತ ಹೇಳಿದ್ರಂತ. ಇಟ್ಕೊಂಡಾನ ಚಾಚಾ. ನಾ ನೋಡಿದೆ."

ವಲಿ ಪಾಷಾ ಅಂಗಡಿಯಲ್ಲಿ ಕುಳಿತು ಎಷ್ಟೋ ಹೊಲಸು ವ್ಯಾಪಾರ ನೋಡಿದ್ದ. ಅಪ್ಪನ ಚಪ್ಪಾಳೆಯನ್ನು ಬಾಡಿಗೆಗೆ ಕೊಂಡವರನ್ನು ನೋಡಿರಲಿಲ್ಲ.

ಹೊರಗೆ ಡಿಜೆ ಎದೆ ಗುದ್ದುತ್ತಿತ್ತು. ಹೂವಿನ ಹಾರ ಹಿಡಿದ ಮೀರಾಹುಸೇನ ಜೀಪಿನ ಪಕ್ಕ ನಿಂತಿದ್ದ. ವಲಿ ಪಾಷಾ ಹುಡುಗರನ್ನು ಗೋಡೆಯ ಮಗ್ಗುಲಿಗೆ ಕರೆದು ಹೇಳಿದ.

"ಐತವಾರ ನಮ್ಮ ಮೈದಾನದಾಗ ದೇವದುರ್ಗದ ಕೂಡ ಆಟ ಇಟ್ಟೀನಿ. ಕಪ್ಪಿಲ್ಲ, ಜೀಪಿಲ್ಲ, ಲೆಕ್ಕಕ್ಕೂ ಇಲ್ಲ. ಹಂಪಣ್ಣ ಹ್ಞೂಂ ಅಂದಾನ. ಯಾರು ಆಡ್ತೀರಿ ಅವ್ರು ನನ್ನ ಕೂಡ ಬಸ್ಸಿಗಿ ಬರ್ರಿ. ಜೀಪು ಹತ್ತಿದವರಿಗಿ ನಾ ಬೈಯಂಗಿಲ್ಲ."

ನಾಲ್ವರು ಹುಡುಗರು ಜೀಪಿನ ಕಡೆ ನೋಡಿ, ಅವನ ಕಡೆ ನೋಡಿ, ಜೀಪಿನ ಕಡೆಗೇ ಹೋದರು. ವಯಸ್ಸೇ ಹಾಗೆ; ಅವನು ಬೈಯಲಿಲ್ಲ. ರಾಹಿಲ್ ಕಪ್ಪನ್ನು ಮೀರಾಹುಸೇನನ ಕೈಗಿಟ್ಟ.

"ಇದೇನೋ?"

"ನಿಮ್ದು ಸಾಹೇಬ್ರ," ಎಂದು ಹುಡುಗ ತಿರುಗಿ ನಡೆದ.

"ಪಾಷಾ! ನಾಚಿಕಿ ಆಗಲ್ಲೇನು ನಿನಗ, ಹುಡುಗ್ರ ಖುಷಿ ಹಾಳ ಮಾಡಾಕತ್ತಿ!" ಎಂದು ಮೀರಾಹುಸೇನ ಹಿಂದಿನಿಂದ ಕೂಗಿದ. ವಲಿ ಪಾಷಾ ತಿರುಗಿ ನೋಡಲಿಲ್ಲ. ಉಳಿದ ಹುಡುಗರನ್ನು ಕರೆದುಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದ.

ಬಸ್ಸು ಊರು ದಾಟಿದ ಮೇಲೆ ರಾಹಿಲ್ ಮುಂದಿನ ಸೀಟಿನಿಂದ ಹೊರಳಿದ. "ಅವ್ರು ಎಲ್ಲಾ ಬರ್ತಾರೇನು ಚಾಚಾ? ಖರೆ ಮಂದಿ?"

"ಎಲ್ಲಾ ಬರ್ತಾರ."

"ಹುಲಿಗೇಶನೂ?"

"ಅವ ಬೆಂಗಳೂರಿಗಿ ಹೋಗೋದು ಬಿಟ್ಟು ನಿಂತಾನ."

"ನಮ್ಮವ್ರು ನಾಕು ಮಂದಿ ಇಲ್ಲ. ಸೋಲ್ತೀವಿ ಚಾಚಾ."

"ಸೋಲೋದು ಆಮ್ಯಾಲಿಂದು," ಎಂದ ವಲಿ ಪಾಷಾ, ಹುಡುಗರೆಲ್ಲ ಕೇಳುವಂತೆ. "ಅವನ ಎಡಗಾಲು ಯಾರು ನೋಡ್ಕೋತೀರಿ, ಮೊದ್ಲು ಅದನ್ನ ಹೇಳ್ರಿ."