ಹದಿನಾರು ಚೌಕದ ಕೋಣೆ

ಆಟವನ್ನು ಪರೀಕ್ಷಿಸಲು ಕೂತವರ ಎದುರು ಅದನ್ನು ರೂಪಿಸಿದವರು ಸುಳಿವು ಕೊಡಲು ತುಟಿ ಬಿಚ್ಚುವಂತಿಲ್ಲ. ಆ ನಿಯಮ ಮಾಡಿದವಳೇ ಅವಳು. ಈಗ ಅದು ಅವಳ ಜೀವವನ್ನೇ ಹಿಂಡುತ್ತಿತ್ತು.

ಕಂಪ್ಯೂಟರ್ ಮುಂದೆ ಅವಳ ಚಿಕ್ಕಮ್ಮ ಕೂತಿದ್ದರು. ಪರದೆಯ ತುಂಬ ಚೌಕಗಳು. ಅವುಗಳ ನಡುವೆ ಒಂದು ಗೊಂಬೆ, ಒಂದು ಪೆಟ್ಟಿಗೆ, ಬಾಣದ ಗುರುತಿನ ಒಂದು ಬಾಗಿಲು. ದಾಟಿದರೆ ಹಿಂದಕ್ಕೆ ಬರುವಂತಿಲ್ಲ. ಆಚೆ ಒಂದು ಗುಂಡಿ. ಪೆಟ್ಟಿಗೆ ತಳ್ಳಿ ಅದನ್ನು ಮುಚ್ಚಿದರಷ್ಟೇ ಗೆಲುವು. ಆಟವಾಡಿ ಗೊತ್ತಿಲ್ಲದವರೊಬ್ಬರು ಇವತ್ತು ಸಂಜೆ ಐದರೊಳಗೆ ಗೆಲ್ಲದಿದ್ದರೆ ಇಂಥ ಬಾಗಿಲುಗಳನ್ನೆಲ್ಲ ಕಿತ್ತುಹಾಕಿ ಎಂದಿದ್ದರು ಕಂಪನಿಯ ಮಾಲೀಕರು. ಕಿತ್ತರೆ ಅವಳ ಎಂಟು ತಿಂಗಳ ಕೆಲಸ ನೀರುಪಾಲು.

ಚಿಕ್ಕಮ್ಮ ಪೆಟ್ಟಿಗೆಯನ್ನು ಬಿಟ್ಟೇ ಬಾಗಿಲು ದಾಟಿದರು. ಅಲ್ಲಿಗೆ ಆಟ ಮುಗಿದಿತ್ತು, ಅವರಿಗದು ಗೊತ್ತಿರಲಿಲ್ಲ. ಆಚೆಯ ಕೋಣೆಯ ಹದಿನಾರು ಚೌಕಗಳಲ್ಲಿ ಗೋಡೆ ಗೋಡೆ ಮುಟ್ಟುತ್ತ ಸುತ್ತತೊಡಗಿದರು.

ಅವಳು ಕೂತಳು, ಎದ್ದಳು, ಕಿಟಕಿಯವರೆಗೆ ಹೋಗಿಬಂದಳು. ಪೆನ್ನಿನ ಮುಚ್ಚಳ ಹಲ್ಲಿಗೆ ಸಿಕ್ಕಿ ಚಪ್ಪಟೆಯಾಯಿತು.

"ನಾಲ್ಕೂ ಹತ್ತು," ಎಂದು ಪಿಸುಗುಟ್ಟಿದ ಪಕ್ಕದಲ್ಲಿದ್ದ ಪ್ರೋಗ್ರಾಮರ್. ಸದಾ ಹೊತ್ತು ಹೇಳುವ ಅವನನ್ನು ಎಲ್ಲರೂ ಗಡಿಯಾರ ಎನ್ನುತ್ತಿದ್ದರು. "ಸಿಕ್ಕಿಹಾಕ್ಕೊಂಡವರಿಗೆ ಒಂದು ಗಂಟೆ ಬಾರಿಸೋಣ ಅಂದ್ರೆ ಕೇಳಲ್ಲ ನೀನು."

"ಬಾರಿಸೋಕೆ ಇದೇನು ಸ್ಕೂಲಾ? ಸುಮ್ನಿರು."

ಇಪ್ಪತ್ತೈದು ನಿಮಿಷವಾದ ಮೇಲೆ ಚಿಕ್ಕಮ್ಮ ಕನ್ನಡಕ ತೆಗೆದು ಕಣ್ಣುಜ್ಜಿದರು. "ನನ್ನ ತಲೇಲಿ ಬರೀ ಮಣ್ಣು ಕಣೇ. ದಾರಿ ಇಲ್ಲೇ ಎಲ್ಲೋ ಇದೆ. ಇಲ್ದಿದ್ರೆ ಇಷ್ಟು ದೊಡ್ಡ ಕೋಣೆ ಯಾರು ಕಟ್ತಾರೆ?"

ಅವಳಿಗೆ ಕಪಾಳಕ್ಕೆ ಹೊಡೆದಂತಾಯಿತು. ಕಟ್ಟಿದ್ದು ತಾನೇ, ಅದೂ ನೋಡಲು ಚೆಂದ ಎಂಬ ಒಂದೇ ಕಾರಣಕ್ಕೆ. ಒಂದೊಂದು ಚೌಕವೂ ಚಿಕ್ಕಮ್ಮನಿಗೆ ಸುಳ್ಳು ಆಸೆ ತೋರಿಸುತ್ತಿತ್ತು.

"ಚಿಕ್ಕಮ್ಮ, ಸ್ವಲ್ಪ ಏಳಿ."

ಹದಿನೈದು ಚೌಕ ಅಳಿಸಿ ಒಂದನ್ನು ಉಳಿಸಿದಳು. ಅದರಾಚೆಗೆ ನೇರ ಗುಂಡಿ.

ಚಿಕ್ಕಮ್ಮ ಮತ್ತೆ ಕೂತರು. ಈ ಸಲವೂ ಬರಿಗೈಯಲ್ಲೇ ಬಾಗಿಲು ದಾಟಿದರು. ಎದುರಿಗೆ ಗುಂಡಿ, ಹಿಂದೆ ಮುಚ್ಚಿದ ಬಾಗಿಲು, ನಿಲ್ಲಲು ಒಂದೇ ಚೌಕ.

"ಅಯ್ಯೋ, ಪೆಟ್ಟಿಗೆ ಬಿಟ್ಟು ಬಂದ್ನಲ್ಲೇ!" ನಗುತ್ತ ತಾವೇ ಮೊದಲಿನಿಂದ ಶುರುಮಾಡಿದರು. ಎರಡು ಸಲ ಪೆಟ್ಟಿಗೆಯನ್ನು ಮೂಲೆಗೆ ಸಿಕ್ಕಿಸಿ ಬೈದುಕೊಂಡರು. ಮೂರನೆಯ ಸಲ ಅದು ಬಾಗಿಲು ದಾಟಿ ಗುಂಡಿಗೆ ಬಿತ್ತು.

"ನಾಲ್ಕೂ ಐವತ್ತೆರಡು," ಎಂದ ಗಡಿಯಾರ, ಈ ಬಾರಿ ಗಟ್ಟಿಯಾಗಿ.

"ಮುಂದಿನದು ಹಾಕೇ," ಎಂದರು ಚಿಕ್ಕಮ್ಮ. "ಅದರಲ್ಲೂ ಇಂಥ ಬಾಗಿಲಿದ್ಯಾ?"

"ಇನ್ನೂ ಹನ್ನೊಂದಿವೆ."

ಹಂತಗಳ ಪಟ್ಟಿ ತೆರೆದಳು. ಹನ್ನೊಂದು ಬಾಗಿಲುಗಳಾಚೆಗೂ ಅಗಲವಾದ, ಚೆಂದದ ಕೋಣೆಗಳೇ. ಚಪ್ಪಟೆಯಾದ ಮುಚ್ಚಳವನ್ನು ಮತ್ತೆ ಬಾಯಿಗಿಟ್ಟುಕೊಂಡು ಮೊದಲ ಕೋಣೆಯನ್ನು ಅಳಿಸತೊಡಗಿದಳು.