ದುಂಡು ಕಿಟಕಿಯ ಕೋಣೆ

ರೈಲು ನಿಲ್ದಾಣದ ಎದುರಿನ ಆ ಹಳೇ ಹೋಟೆಲಿನ ಕೋಣೆಗಳಿಗೆ ನಂಬರಿಲ್ಲ. ಮನೆಯವರು ಯಾರು ಯಾವ ಕೋಣೆಯಲ್ಲಿ ಹುಟ್ಟಿದರೋ ಅದು ಅವರದೇ ಎಂದು ಕಟ್ಟಿಸಿದ ಮುತ್ತಜ್ಜ ಹೇಳಿಬಿಟ್ಟಿದ್ದ. 'ನಿಮಗೆ ದೊಡ್ಡಪ್ಪನ ಕೋಣೆ' ಎಂದರೆ ಹೊಸ ಗಿರಾಕಿಗಳು ಗಾಬರಿಯಾಗಿ, ಹಾಗಾದರೆ ದೊಡ್ಡಪ್ಪ ಎಲ್ಲಿ ಮಲಗುತ್ತಾರೆ ಎಂದು ಕೇಳುವುದುಂಟು. ಬಾಗಿಲಿಗೆ ಬಂದವರನ್ನು ಹಿಂದಕ್ಕೆ ಕಳಿಸಕೂಡದು, ಬೇಕಾದರೆ ಮನೆಯವರೇ ಹಾಸಿಗೆ ಬಿಟ್ಟುಕೊಡಬೇಕು ಎಂಬುದೂ ಅವನದೇ ಕಟ್ಟಪ್ಪಣೆ.

ಆ ದಿನ ಕೌಂಟರಿನಲ್ಲಿ ಕಿರಿಸೊಸೆ. ವರ್ಷಗಟ್ಟಲೆ ಅಲ್ಲಿ ಕೂತಿದ್ದ ಅತ್ತೆ ಮಧ್ಯಾಹ್ನ ತಂಗಿಯ ಊರಿಗೆ ಹೊರಡುತ್ತ, ನಾನು ಬರುವವರೆಗೆ ನಡೆಸಿ ತೋರಿಸು, ಆಮೇಲೆ ನೋಡೋಣ ಎಂದಿದ್ದರು. ಭಾವನಿಗೆ ಹೊರಗಿನ ಮ್ಯಾನೇಜರನ್ನು ತಂದು ಕೂರಿಸುವ ಆಸೆ. ಇವಳು ಎಡವುವುದನ್ನೇ ಕಾಯುತ್ತಿದ್ದ. ಅವಳೋ ಮದುವೆಯಾಗಿ ಬಂದ ದಿನವೇ ಆ ಕೌಂಟರಿಗೆ ಮನಸೋತವಳು. ಹಿತ್ತಾಳೆ ಕೀಲಿಗಳು, ಜಾಲರಿ ಬಾಗಿಲಿನ ಲಿಫ್ಟು ಕಿರುಗುಟ್ಟುತ್ತ ಇಳಿಯುವ ಸದ್ದು, ದಿನಕ್ಕೊಂದು ಹೊಸ ಮುಖ. ಇದನ್ನು ಬಿಟ್ಟು ಅವಳಿಗೆ ಬೇರೇನೂ ಬೇಡ.

ಸಂಜೆ ಮುಂದೆಲ್ಲೋ ಹಳಿ ಕೆಟ್ಟು ರೈಲುಗಳು ನಿಂತವು ನೋಡಿ, ಜನ ಒಳಗೆ ನುಗ್ಗಿದರು. ಸೋದರತ್ತೆಯ ಕೋಣೆ ಹೋಯಿತು, ಚಿಕ್ಕಪ್ಪನದು ಹೋಯಿತು, ಕೂಸೆತ್ತಿಕೊಂಡು ಬಂದ ತಾಯಿಗೆ ತಾನು ಮಲಗುವ ಕೋಣೆಯನ್ನೂ ಕೊಟ್ಟಳು. ಭಾವ ಮುಖ ಗಂಟಿಕ್ಕಿಕೊಂಡೇ ತನ್ನದನ್ನು ಬಿಟ್ಟುಕೊಟ್ಟ. ಹೋಟೆಲು ಹೀಗೆ ತುಂಬಿ ತುಳುಕುವುದನ್ನು ಅವಳು ಕಂಡದ್ದು ಇದೇ ಮೊದಲು. ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಆಗ ಬಂದರು ಒಬ್ಬ ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಮದುವೆಯಾದ ಹೊಸತರಲ್ಲಿ ಇಲ್ಲೇ, ದುಂಡು ಕಿಟಕಿಯ ಕೋಣೆಯಲ್ಲಿ ತಂಗಿದ್ದರಂತೆ. ಹೇಳುತ್ತ ಹೇಳುತ್ತ ಹೆಂಡತಿ ನಾಚಿಕೊಂಡರು. ಉಳಿದಿದ್ದುದೂ ಅದೊಂದೇ. ಆದರೆ ಅದು ತೀರಿಹೋದ ಮಾವನ ಕೋಣೆ, ಈಗ ಅತ್ತೆ ಮಲಗುವುದು ಅಲ್ಲಿ. ಮಾವ ಹೋದಮೇಲೆ ಅದರೊಳಗೆ ಗಿರಾಕಿಗಳು ಕಾಲಿಟ್ಟಿರಲಿಲ್ಲ.

"ಅದನ್ನ ಮುಟ್ಟಿದ್ರೆ ನಿನ್ನ ಕಥೆ ಮುಗೀತು," ಎಂದ ಭಾವ ಮೆಲ್ಲಗೆ.

ಅವಳು ಆ ಕೋಣೆಯ ಕೀಲಿಯನ್ನು ಕೊಕ್ಕೆಯಿಂದ ತೆಗೆದಳು. ಕೌಂಟರು ಕೈತಪ್ಪಿದರೂ ಸರಿಯೇ, ಬಂದವರನ್ನು ಬಾಗಿಲಿನಿಂದ ಕಳಿಸಿದ ಮೊದಲನೆಯವಳು ತಾನಾಗಲಾರೆ ಎಂದುಕೊಂಡು ಕೀಲಿ ಕೊಟ್ಟೇಬಿಟ್ಟಳು.

ಅವರು ಮೇಲೆ ಹೋಗಿ ಸ್ವಲ್ಪ ಹೊತ್ತಿಗೇ ಅತ್ತೆ ಚೀಲ ಹಿಡಿದು ಒಳಗೆ ಬಂದರು. ಅವರ ರೈಲೂ ಅರ್ಧ ದಾರಿಯಿಂದ ವಾಪಸು ಬಂದಿತ್ತು. ಭಾವ ಒಂದೇ ಉಸಿರಿಗೆ ಎಲ್ಲವನ್ನೂ ಒದರಿದ. ಅತ್ತೆ ಚೀಲ ಅಲ್ಲೇ ಇಟ್ಟು ಮೆಟ್ಟಿಲು ಹತ್ತಿದರು. ಮೇಲೆ ಆ ಬಾಗಿಲ ಮುಂದೆ ಅವರ ಹೆಜ್ಜೆ ನಿಂತದ್ದು, ಒಳಗೆ ಗಂಡಹೆಂಡಿರು ನಗುತ್ತಿದ್ದದ್ದು, ಎರಡೂ ಕೆಳಗೆ ಕೇಳಿಸಿದವು. ಇಳಿದು ಬಂದಾಗ ಅತ್ತೆಯ ಕಣ್ಣು ಒದ್ದೆಯಾಗಿತ್ತು. ಕೌಂಟರಿನ ಮುಂದೆ, ಗಿರಾಕಿಗಳು ನಿಲ್ಲುವಲ್ಲೇ ನಿಂತರು.

"ಒಂದು ಕೋಣೆ ಸಿಗುತ್ತೇನಮ್ಮಾ?"

"ಒಂದೂ ಉಳಿದಿಲ್ಲ ಅತ್ತೆ. ಕೌಂಟರ್ ಹಿಂದೆ ಬೆಂಚಿದೆ, ಹಾಸಿಕೊಡ್ತೀನಿ."

"ಕೌಂಟರ್ ಹಿಂದಿನ ಜಾಗ ಇನ್ಮೇಲೆ ನಿನ್ನದು ಕಣೇ. ನನಗೆ ಈ ಸೋಫಾ ಸಾಕು," ಎಂದು ಅತ್ತೆ ಹಜಾರದ ಸೋಫಾದಲ್ಲಿ ಕೂತು ಚಪ್ಪಲಿ ಬಿಟ್ಟರು. ಭಾವ ದಿಂಬು ತರಲು ಹೋದ.