ಕಾದ ಮಾತು

"ಕಾಲು ಮೊದಲು ಬರ್ಲಿ... ಹಾಂ, ಈಗ ಸ್ವಲ್ಪ ಓರೆ ಮಾಡಿ," ಎನ್ನುತ್ತ ತಂಗಿಯ ಗಂಡ ಉದ್ದನೆಯ ಬೆಂಚನ್ನು ರೆಕಾರ್ಡಿಂಗ್ ಸ್ಟುಡಿಯೊದ ಕಿರುಬಾಗಿಲಲ್ಲಿ ತೂರಿಸಿದ. ತೀರಿಕೊಂಡ ಅಕ್ಕನನ್ನು ಅಲ್ಲೇ ಮಲಗಿಸಿದ್ದರು; ಮನೆಯಲ್ಲಿ ಅಷ್ಟು ದೊಡ್ಡ ಕೋಣೆ ಬೇರೆ ಇರಲಿಲ್ಲ. ಗೋಡೆಗೆಲ್ಲ ಹಳೆಯ ಹಾಸಿಗೆಗಳನ್ನು ಕೂರಿಸಿ, ಮೇಲೆ ನೀಲಿ ಬಟ್ಟೆ ಎಳೆದು ಮೊಳೆ ಹೊಡೆದವಳು ಅವಳೇ. ಒಳಗೆ ಬಂದವರ ದನಿ ತಾನಾಗಿ ತಗ್ಗುತ್ತಿತ್ತು. ಬೀದಿಯ ಸದ್ದು ಎಲ್ಲೋ ನೀರಿನಡಿ ಮುಳುಗಿದಂತಿತ್ತು. ಯಾರು ಪಿಸುಗುಟ್ಟಿದರೂ ಕಿವಿಯೊಳಗೇ ಕೂತು ಹೇಳಿದ ಹಾಗೆ.

"ಎಷ್ಟು ವರ್ಷ ನಡೆಸಿದ್ರಮ್ಮ ಇದನ್ನ?" ಪಕ್ಕದ ಮನೆಯ ದರ್ಜಿ ಕೇಳಿದ.

"ಹತ್ತೊಂಬತ್ತು," ಎಂದಳು ತಂಗಿ. "ಕಿವಿ ಮುಚ್ಕೊಂಡು ಕೂತಿರೋದು ಅದೆಂಥ ಕೆಲಸವೋ! ನಮ್ಮನೇಗೆ ಬಂದ್ರೂ ಮಾತಿಲ್ಲ, ಕತೆಯಿಲ್ಲ. ಸುಮ್ನೆ ನಮ್ಮ ಬಾಯಿ ನೋಡ್ಕೊಂಡು ಕೂತಿರ್ತಿದ್ಲು..."

ಆಗ ನಿವೃತ್ತ ಬಸ್ ಡ್ರೈವರ್ ಒಳಗೆ ಬಂದು ಮೂಲೆಯಲ್ಲಿ ನಿಂತರು. ತಂಗಿ ಗಂಡನ ತೋಳು ಹಿಡಿದಳು.

"ತಾನು ಹೋದ ದಿನ ಇವರೇ ಮಾತಾಡ್ಬೇಕು, ಬೇರೆ ಯಾರೂ ಬೇಡ ಅಂತ ಬರೆದಿಟ್ಟಿದಾಳೆ ಕಣ್ರೀ. ಒಂದು ಮಾತು ಹೊರಡೋಕೆ ಅರ್ಧ ಗಂಟೆ ಬೇಕು ಅವರಿಗೆ. ಜನ ನಕ್ಕುಬಿಟ್ರೆ?"

*

ಆರು ವರ್ಷದ ಹಿಂದೆ ಡ್ರೈವರ್ ಮೊದಲ ಸಲ ಬಂದಾಗ ಕಂಕುಳಲ್ಲಿ ಒಂದು ನೋಟ್‌ಬುಕ್ ಇತ್ತು. ಬಸ್ಸಿನ ಕನ್ನಡಿಯಲ್ಲಿ ಮೂವತ್ತು ವರ್ಷ ಕಂಡ ಜನರ ಕತೆಗಳು. ಪಾಡ್‌ಕಾಸ್ಟ್ ಮಾಡಬೇಕೆಂಬ ಆಸೆ. ಆದರೆ 'ಕ', 'ಬ' ಎದುರಾದರೆ ಸಾಕು, ನಾಲಗೆ ನಿಂತುಬಿಡುತ್ತಿತ್ತು.

ಅವರ ಮಾತನ್ನು ರೆಕಾರ್ಡ್ ಮಾಡಿ, ಅಕ್ಕ ಮೂರು ದಿನ ಕೂತು ಒಂದೊಂದು ತೊದಲನ್ನೂ ಹುಡುಕಿ ಕತ್ತರಿಸಿದಳು. ಮಾತು ಹೊಳೆಯಂತೆ ಸರಾಗವಾಗಿ ಹರಿಯಿತು. ಹೆಮ್ಮೆಯಿಂದ ಅವರ ತಲೆಗೆ ಹೆಡ್‌ಫೋನ್ ಹಾಕಿದಳು.

ಕೊನೆತನಕ ಕೇಳಿ ಡ್ರೈವರ್ ಮೆಲ್ಲಗೆ ಅಂದರು: "ಯಾರಮ್ಮ ಇವನು?"

"ನೀವೇ ಅಣ್ಣ."

"ಚೆನ್ನಾಗಿ ಮಾತಾಡ್ತಾನೆ. ಆದ್ರೆ ನಮ್ಮ ಬ... ಬಸ್ಸಿನವನಲ್ಲ."

ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. ಮರುದಿನ ಬೆಳಗಿನಿಂದ ಕೂತು, ಕತ್ತರಿಸಿದ್ದನ್ನೆಲ್ಲ ಎಲ್ಲೆಲ್ಲಿತ್ತೋ ಅಲ್ಲಲ್ಲೇ ಮರಳಿ ಸೇರಿಸಿದಳು. ಆಮೇಲೆ ಅವರ ಮಾತು ಸಿಕ್ಕಿಕೊಂಡಾಗಲೆಲ್ಲ ಅವಳು ಎತ್ತಿಕೊಡುತ್ತಲೂ ಇರಲಿಲ್ಲ, ತಲೆದೂಗುತ್ತಲೂ ಇರಲಿಲ್ಲ. ಮುದುಕಿಯೊಬ್ಬಳು ಗಂಟುಮೂಟೆ ಎತ್ತಿಕೊಂಡು ಬಸ್ ಹತ್ತುವತನಕ ಕಾಯುವವರ ಹಾಗೆ ಸುಮ್ಮನೆ ಕೂತಿರುತ್ತಿದ್ದಳು.

*

ಡ್ರೈವರ್ ಅಕ್ಕನ ಪಾದದ ಬಳಿ ಬಂದು ನಿಂತರು.

"ಈಯಮ್ಮ ನನ್ನ ಮಾತಿಗೆ ಕ... ಕ..."

ನಿಂತಿತು. ತುಟಿ ಅದುರಿತು, ಕತ್ತಿನ ನರ ಉಬ್ಬಿತು. ಬೆಂಚಿನ ಮೇಲಿದ್ದವರು ನೆಲ ನೋಡತೊಡಗಿದರು. ದರ್ಜಿಗೆ ತಡೆಯಲಾಗಲಿಲ್ಲ.

"ಕಿವಿ ಕೊಟ್ರು ಅಂತೀರಾ?"

ತಂಗಿಯ ಕೈ ತಾನಾಗಿ ಮೇಲೆದ್ದಿತು. "ಇರಿ. ಅವರೇ ಹೇಳ್ಲಿ."

ಅಷ್ಟು ಜನರ ಉಸಿರು ಒಂದೇ ಉಸಿರಾಗಿ ಏರಿ ಇಳಿಯಿತು. ತಂಗಿ ಡ್ರೈವರ್ ಅವರ ಬಾಯನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತೋ.

"...ಕಾದ್ರು," ಎಂದರು ಡ್ರೈವರ್. ಅಷ್ಟೇ ಹೇಳಿ ಕೂತರು. ಯಾರೂ ನಗಲಿಲ್ಲ.

ಶವದ ವ್ಯಾನು ಓಣಿಯೊಳಗೆ ಬರುವಂತಿರಲಿಲ್ಲ. ತಿರುವಿನತನಕ ಅಕ್ಕನನ್ನು ಹೊತ್ತೇ ನಡೆಯಬೇಕಿತ್ತು. ಎದುರಿಗೆ ಬಂದ ಆಟೋದವನು ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿದ. ಮಧ್ಯಾಹ್ನದ ಬಿಸಿಲಿನಲ್ಲಿ ಓಣಿ ಮೌನವಾಯಿತು. ತಂಗಿ ಎಲ್ಲರಿಗಿಂತ ಹಿಂದೆ ಉಳಿದು ನಡೆದಳು. ದರ್ಜಿಯ ಎಳೆದುಹಾಕುವ ಎಡಗಾಲು, ಗಂಡನ ಬೂಟಿನ ಕಿರುಗುಟ್ಟು, ಯಾರದೋ ಮಗುವಿನ ಕುಪ್ಪಳಿಕೆ, ಹೆಗಲು ಕೊಟ್ಟ ನಾಲ್ವರ ಭಾರದ ಹೆಜ್ಜೆ... ಒಂದೊಂದೂ ಬೇರೆಬೇರೆಯಾಗಿ, ಬಲು ಹತ್ತಿರದಿಂದ ಕೇಳಿಸುತ್ತಿತ್ತು.